ಹನ್ನೊಂದು ವರ್ಷದ ಗೋಡೆ

ಯಾವ ಬಡಾವಣೆಗೇ ಹೋಗಿ, ಎಲ್ಲರಿಗೂ ಬೇಕಾದ, ಆದರೆ ಯಾರೂ ಟೇಪು ಕತ್ತರಿಸಿ ಉದ್ಘಾಟಿಸದ ಒಂದು ಸಾರ್ವಜನಿಕ ಸಂಸ್ಥೆ ಅಲ್ಲಿ ಇದ್ದೇ ಇರುತ್ತದೆ: ಖಾಲಿ ಸೈಟು. ಅದರ ಮಾಲೀಕರು ಅಮೆರಿಕದಲ್ಲಿರುತ್ತಾರೆ, ಇಲ್ಲವೇ ಅಣ್ಣತಮ್ಮಂದಿರ ಜೊತೆ ಕೋರ್ಟಿನಲ್ಲಿರುತ್ತಾರೆ. ಎಲ್ಲಿದ್ದರೂ ಸೈಟಿಗೆ ಬೇಗ ಬಿಡುಗಡೆಯಿಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ನಮ್ಮ ಬಡಾವಣೆಯಲ್ಲಿ ಅಂಥವು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ಹಾಗಾಗಿ ಉಳಿದವುಗಳ ಮೇಲೆ ಕೆಲಸದ ಹೊರೆ ಜಾಸ್ತಿ.

ಮನೆಯಲ್ಲಿ ಪಂಚಾಂಗವಿಲ್ಲದವರು ನಮ್ಮ ಬೀದಿಯ ಖಾಲಿ ಸೈಟು ನೋಡಿ ಹಬ್ಬ ಹೇಳಬಹುದು. ಬಾಡಿದ ಮಾವಿನ ತೋರಣ ಬಿದ್ದಿದ್ದರೆ ಯುಗಾದಿ ಕಳೆಯಿತು. ಬಾಳೆಕಂದು ಒರಗಿದ್ದರೆ ಗಣಪತಿ ಹೋದ. ಬೂದುಗುಂಬಳದ ಹೋಳು, ಕುಂಕುಮ, ಚಿಲ್ಲರೆ ಕಾಸು ಹುಡುಕುವ ಹುಡುಗರು ಕಂಡರೆ ಆಯುಧಪೂಜೆ. ಪಟಾಕಿ ಕಾಗದಕ್ಕೆ ದೀಪಾವಳಿ, ಕಬ್ಬಿನ ಸಿಪ್ಪೆಗೆ ಸಂಕ್ರಾಂತಿ. ಈ ಹಬ್ಬಗಳ ನಡುವೆ ಯಾವ ತಿಥಿಗೂ ಸೇರದ ಒಂದು ಒಡೆದ ಕಮೋಡು ರಾತ್ರೋರಾತ್ರಿ ಬಂದು ಆಸೀನವಾಗಿರುತ್ತದೆ. ಅದು ಯಾರದ್ದೆಂದು ವಿಚಾರಿಸಿದರೆ ಇಡೀ ಬೀದಿಯಲ್ಲಿ ಯಾರ ಮನೆಯಲ್ಲೂ ಬಚ್ಚಲು ರಿಪೇರಿ ಆಗಿರುವುದಿಲ್ಲ.

ದೇವರ ಹಳೆಯ ಫೋಟೋಗಳು ಮಾತ್ರ ಖಾಲಿ ಸೈಟಿಗೆ ಹೋಗುವುದಿಲ್ಲ. ಅಷ್ಟು ಭಯಭಕ್ತಿ ನಮ್ಮಲ್ಲಿ ಇನ್ನೂ ಇದೆ. ಅವು ಅಶ್ವತ್ಥಕಟ್ಟೆಗೆ ಹೋಗುತ್ತವೆ. ಕಟ್ಟು ಸಡಿಲಿದ ಲಕ್ಷ್ಮಿ, ಗಾಜು ಒಡೆದ ರಾಘವೇಂದ್ರಸ್ವಾಮಿ, ಹೋದ ವರ್ಷದ ಸಹಕಾರ ಬ್ಯಾಂಕಿನ ಕ್ಯಾಲೆಂಡರಿನ ವೆಂಕಟೇಶ್ವರ, ಎಲ್ಲರೂ ಅಲ್ಲಿ ಮಳೆಯಲ್ಲಿ ನೆನೆಯುತ್ತ ಕೂತಿರುತ್ತಾರೆ. ಒಮ್ಮೆ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಇವುಗಳ ವಿಲೇವಾರಿಯ ಪ್ರಶ್ನೆ ಬಂತು. ಕಟ್ಟು ಮರದ್ದು, ಒಣ ಕಸ. ಗಾಜು ಬೇರೆ ಸುತ್ತಿ ಕೊಡಬೇಕು. ಉಳಿದ ದೇವರನ್ನು ಯಾವ ಡಬ್ಬಕ್ಕೆ ಹಾಕುವುದು ಎಂಬಲ್ಲಿಗೆ ಸಭೆ ಮೌನವಾಯಿತು. ಕಾರ್ಯದರ್ಶಿಗಳು ವಿಷಯವನ್ನು ಮುಂದಿನ ಸಭೆಗೆ ಮುಂದೂಡಿದರು. ಅದಿನ್ನೂ ಮುಂದೆಯೇ ಇದೆ.

ನಮ್ಮ ಯಜಮಾನರು ಆ ಸಂಘದ ಅಧ್ಯಕ್ಷರು. ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಒಂದು ಲೆಟರ್‌ಹೆಡ್ ಬೇಕಾಗುತ್ತದೆ, ಅವರಿಗೆ ಅದು ಸಂಘದಿಂದ ಸಿಕ್ಕಿತು. ಬೆಳಿಗ್ಗೆ ಕಸದ ಆಟೋ ಹಾಡು ಹಾಕಿಕೊಂಡು ಬೀದಿ ತಿರುವಿನಲ್ಲಿ ಕಾಣಿಸಿಕೊಂಡಾಗ ಅವರು ಗೇಟಿನ ಬಳಿ ನಿಂತು ಯಾರ ಮನೆಯಿಂದ ಏನು ಬರುತ್ತದೆ ಎಂದು ನೋಡುತ್ತಾರೆ. ನಮ್ಮ ಮನೆಯದು ಬರುವಾಗ ಮಾತ್ರ ಪೇಪರ್ ಓದುತ್ತಾರೆ, ಏಕೆಂದರೆ ಅದನ್ನು ತರುವವಳು ನಾನು.

ಹಸಿರು ಡಬ್ಬ ಹಸಿಗೆ, ಕೆಂಪು ಡಬ್ಬ ಡಯಾಪರು ಬ್ಯಾಂಡೇಜುಗಳಿಗೆ, ಒಂದು ಚೀಲ ಒಣ ಕಸಕ್ಕೆ. ಈ ಎರಡು ಡಬ್ಬ ಒಂದು ಚೀಲದ ಪದ್ಧತಿಯನ್ನು ಬೆಂಗಳೂರಿಗೆ ಕಡ್ಡಾಯ ಮಾಡಿದ್ದು 2015ರ ಡಿಸೆಂಬರಿನಲ್ಲಿ ಹೈಕೋರ್ಟು. ಅದಕ್ಕೂ ಮೊದಲು, 2012ರ ಅಕ್ಟೋಬರಿನಲ್ಲೇ ಪಾಲಿಕೆ ಕಸ ಬೇರ್ಪಡಿಸಬೇಕೆಂದು ಹೇಳಿತ್ತು. ನಾವು ಪಾಲಿಕೆಯ ಮಾತನ್ನು ಎಷ್ಟು ಕೇಳುತ್ತೇವೆ ಎಂಬುದಕ್ಕೆ ನಡುವಿನ ಆ ಮೂರು ವರ್ಷಗಳೇ ಸಾಕ್ಷಿ. ಮನೆಯ ಈರುಳ್ಳಿ ಸಿಪ್ಪೆ ಎಲ್ಲಿ ಹೋಗಬೇಕೆಂದು ನ್ಯಾಯಮೂರ್ತಿಗಳು ಕೂತು ಹೇಳಬೇಕಾಯಿತಲ್ಲ ಎಂದು ಯಜಮಾನರು ಭಾಷಣದಲ್ಲಿ ವಿಷಾದ ವ್ಯಕ್ತಪಡಿಸುತ್ತಾರೆ. ಮನೆಯಲ್ಲಿ ಈರುಳ್ಳಿ ಸಿಪ್ಪೆ ಎಲ್ಲಿ ಹೋಗುತ್ತದೆಂದು ಅವರಿಗೆ ಈಗಲೂ ತಿಳಿದಂತಿಲ್ಲ.

ನ್ಯಾಯಾಲಯ ದೊಡ್ಡ ಪ್ರಶ್ನೆಗಳನ್ನು ಬಗೆಹರಿಸಿತೇ ಹೊರತು ಸಣ್ಣವು ಹಾಗೇ ಉಳಿದವು. ತೆಂಗಿನ ಕರಟ ಹಸಿಯೋ ಒಣವೋ? ಮಾವಿನ ಓಟೆ? ಊದುಬತ್ತಿ ಕಡ್ಡಿ? ತಲೆ ಬಾಚಿದ ಕೂದಲು? ಟೀ ಸೋಸಿದ ಮೇಲೆ ಉಳಿವ, ಒಳಗೆ ಪುಡಿಯೂ ಹೊರಗೆ ದಾರವೂ ತುದಿಗೆ ಪಿನ್ನೂ ಇರುವ ಆ ಪುಟ್ಟ ಚೀಲ? ಇಂಥವಕ್ಕೆಲ್ಲ ನಮ್ಮ ಬೀದಿಯಲ್ಲಿ ಅಂತಿಮ ತೀರ್ಪು ಕೊಡುವವಳು ಆಟೋ ಜೊತೆ ಬರುವ ಹೆಂಗಸು. ಅವಳು ಡಬ್ಬದ ಮುಚ್ಚಳ ತೆಗೆದು ಒಂದು ಕ್ಷಣ ನೋಡುತ್ತಾಳೆ, ಅಷ್ಟರಲ್ಲಿ ನಮ್ಮ ಸಂಸಾರದ ಗುಟ್ಟೆಲ್ಲ ಅವಳಿಗೆ ಗೊತ್ತಾಗುತ್ತದೆ. "ಏನಮ್ಮಾ, ನೆಂಟ್ರು ಬಂದಿದ್ರಾ?" ಎನ್ನುತ್ತಾಳೆ. ಇಲ್ಲವೇ, "ಸಾರ್‌ಗೆ ಹುಷಾರಿಲ್ವಾ, ಮಾತ್ರೆ ಸೀಟು ಜಾಸ್ತಿ ಅವೆ." ಡಾಕ್ಟರಿಗೂ ಹೇಳದ ಬೋಂಡಾದ ವಿಷಯ ಎಣ್ಣೆ ಇಂಗಿದ ಪೇಪರಿನಿಂದ ಅವಳಿಗೆ ತಿಳಿಯುತ್ತದೆ. ಪತ್ತೇದಾರಿ ಇಲಾಖೆಯವರು ಇವಳನ್ನು ಸೇರಿಸಿಕೊಳ್ಳಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗೆ ಅಂದುಕೊಂಡದ್ದು ಪೂರ್ತಿ ಸುಳ್ಳೂ ಆಗಲಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ‘ಕಸ ಸುರಿಯುವ ಹಬ್ಬ’ ಎಂದೊಂದು ನಡೆಯಿತು. ರಸ್ತೆ ಬದಿಯಲ್ಲಿ ಕಸ ಎಸೆದವರನ್ನು ಗುರುತಿಸಿ, ಅವರವರ ಮನೆ ಬಾಗಿಲಿಗೇ ಕಸ ತಂದು ಸುರಿದು, ದಂಡ ಹಾಕಿದರು. ಹಬ್ಬಗಳ ನಾಡಿನಲ್ಲಿ ಇದೂ ಒಂದು ಸೇರಿತು. ಯಜಮಾನರು ಟಿವಿಯಲ್ಲಿ ಅದನ್ನು ನೋಡುತ್ತ ಚಪ್ಪಾಳೆ ತಟ್ಟಿದರು. ನನಗೆ ಖುಷಿಯ ಜೊತೆಗೇ ಸ್ವಲ್ಪ ಮುಜುಗರವೂ ಆಯಿತು. ಆ ಮನೆಯ ಮುಂದೆ ಬಿದ್ದದ್ದನ್ನು ಕಡೆಗೆ ಗುಡಿಸಿದವರು ಯಾರು ಎಂದು ಕ್ಯಾಮೆರಾ ತೋರಿಸಲಿಲ್ಲ.

ಗೇಟು ದಾಟಿದ ಕಸ ನಮ್ಮದಲ್ಲ ಎಂಬ ನಂಬಿಕೆ ಈ ಊರಿನಲ್ಲಿ ಒಮ್ಮೆ ಜೋರಾಗಿ ಅಲುಗಾಡಿತ್ತು. ಊರಿನ ಕಸ ಸುರಿಸಿಕೊಳ್ಳುತ್ತಿದ್ದ ಮಾವಳ್ಳಿಪುರದವರು ಸಾಕೆಂದರು. ಆಮೇಲೆ ಹಳೇ ಮದ್ರಾಸು ರಸ್ತೆಯ ಆಚೆಯ ಮಂಡೂರಿನವರು ಲಾರಿಗಳಿಗೆ ಅಡ್ಡ ನಿಂತರು. 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಆ ವರ್ಷಗಳಲ್ಲಿ ನಮ್ಮ ಬೀದಿ ತುದಿಯಲ್ಲಿ ದಿನಗಟ್ಟಲೆ ಕೊಳೆಯುತ್ತಿದ್ದ ರಾಶಿಯ ಪಕ್ಕ ಮೂಗು ಮುಚ್ಚಿ ನಡೆಯುವಾಗಲೇ ಮಂಡೂರು ಎಂಬ ಊರಲ್ಲೂ ಮೂಗುಳ್ಳವರು ಇದ್ದಾರೆಂದು ನಮಗೆಲ್ಲ ಹೊಳೆದದ್ದು. ಅಲ್ಲಿವರೆಗೆ ಅದು ಬರೀ ಲಾರಿಯ ಬೋರ್ಡು.

ನನ್ನ ಕಾಂಪೋಸ್ಟ್ ಶುರುವಾದದ್ದು ಆಗಲೇ. ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆಯವರು 2006ರಿಂದ ಸುಟ್ಟ ಮಣ್ಣಿನ, ಒಂದರ ಮೇಲೊಂದು ಕೂರುವ ಮೂರು ಮಡಕೆಗಳನ್ನು ಮಾರುತ್ತಾರೆ. ಅದಕ್ಕೆ ‘ಕಂಬ’ ಎಂದು ಹೆಸರು. ತಾರಸಿಯ ಮೇಲೆ ಅದನ್ನು ಪ್ರತಿಷ್ಠಾಪಿಸಿದಾಗ ಮನೆಯಲ್ಲಿ ವಿರೋಧವಿತ್ತು. "ಮನೆ ಮೇಲೆ ತಿಪ್ಪೆ ಇಡ್ತೀಯಾ?" ಎಂದರು. ಮೊದಲ ತಿಂಗಳು ವಿರೋಧ ಪಕ್ಷದ ಮಾತೇ ನಿಜವಾಯಿತು. ವಾಸನೆ ಬಂತು, ಬಿಳಿ ಹುಳ ಬಂದವು, ಹುಳ ಹುಡುಕಿಕೊಂಡು ಕಾಗೆ ಬಂದವು. ಆಮೇಲೆ ಗುಟ್ಟು ತಿಳಿಯಿತು: ಅಡುಗೆಮನೆಯಿಂದ ಬರುವುದು ಬರೀ ನೀರು, ಅದಕ್ಕೆ ಒಣ ಎಲೆ ಜೊತೆ ಕೊಡಬೇಕು. ಸೊಪ್ಪಿನ ದಂಟು ಒಂದು ಪದರ, ಪಾರ್ಕಿನ ತರಗೆಲೆ ಒಂದು ಪದರ, ಮೇಲೆ ಒಂದು ಲೋಟ ಹುಳಿ ಮಜ್ಜಿಗೆ. ಆಗ ಮಡಕೆಯೊಳಗೆ ಗಾಳಿಯಾಡುತ್ತದೆ, ಕೈ ಇಟ್ಟರೆ ಬೆಚ್ಚಗಿರುತ್ತದೆ, ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ. ನಾನೀಗ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದ ಮುತ್ತೈದೆಯರಿಗೆ ತಾಂಬೂಲದ ಜೊತೆ ಒಂದು ಪೊಟ್ಟಣ ಗೊಬ್ಬರವನ್ನೂ ಕೊಡುತ್ತೇನೆ. ತೆಗೆದುಕೊಳ್ಳುವವರ ಮುಖದಲ್ಲಿ ರವಿಕೆ ಕಣ ಪಡೆದಾಗಿನ ಹೊಳಪು ಇರುವುದಿಲ್ಲ ಎಂಬುದನ್ನು ಬಿಟ್ಟರೆ ಪದ್ಧತಿ ಚೆನ್ನಾಗಿ ನಡೆದಿದೆ. "ನಮ್ಮನೇಲಿ ಕಾಂಪೋಸ್ಟ್ ಮಾಡ್ತೀವಿ" ಎಂದು ಯಜಮಾನರು ಸಭೆಗಳಲ್ಲಿ ಹೇಳುತ್ತಾರೆ. ಅವರು ಇಂದಿನವರೆಗೂ ಆ ಮಡಕೆಯ ಮುಚ್ಚಳ ತೆಗೆದು ನೋಡಿಲ್ಲ.

ತಿಪ್ಪೆ ಎಂದು ಮೂದಲಿಸಿದರಲ್ಲ, ಅದನ್ನು ನಾನು ಮೂದಲಿಕೆ ಎಂದು ತೆಗೆದುಕೊಳ್ಳಲಿಲ್ಲ. ನಾನು ಚಿತ್ರದುರ್ಗದ ಕಡೆಯವಳು. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ತೇರಿಗೆ ಹೋಗಿ ಬಂದವಳು. ನನ್ನ ತರಗತಿಯಲ್ಲಿ ತಿಪ್ಪೇಸ್ವಾಮಿಗಳೂ ತಿಪ್ಪಮ್ಮಂದಿರೂ ಎಷ್ಟು ಮಂದಿ ಇದ್ದರೆಂದರೆ ಮೇಷ್ಟ್ರು ಹಾಜರಿ ಕರೆಯುವಾಗ ಇನಿಷಿಯಲ್ಲಿಲ್ಲದೆ ನಡೆಯುತ್ತಿರಲಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಇದು ಬೇಡದ ವಸ್ತು ಎಂದು ಯಮನಿಗೆ ನಂಬಿಸಿ, ಎತ್ತಿಕೊಂಡು ಬಂದು ಹೆಸರಿಡುವ ಪದ್ಧತಿ ಇತ್ತು. ದೀಪಾವಳಿಯಲ್ಲಿ ಕೊಟ್ಟಿಗೆ, ಹೊಸ್ತಿಲುಗಳ ಜೊತೆ ತಿಪ್ಪೆಗೂ ಒಂದು ದೀಪ ಇಡುತ್ತಿದ್ದರು. ವರ್ಷದ ರಾಗಿಯೆಲ್ಲ ಅಲ್ಲಿಂದ ಹೊಲಕ್ಕೆ ಹೋಗುವ ಗೊಬ್ಬರದ ಮೇಲೆ ನಿಂತಿತ್ತು.

ಹಾಗೆಂದು ಅಜ್ಜಿಯ ಕಾಲವನ್ನು ಹೊಗಳುವ ಇರಾದೆ ನನಗಿಲ್ಲ. ಅಜ್ಜಿ ಬೂದಿಯಲ್ಲಿ ಪಾತ್ರೆ ಉಜ್ಜುತ್ತಿದ್ದಳು, ಅಕ್ಕಿ ತೊಳೆದ ನೀರನ್ನು ಎಮ್ಮೆಗಿಡುತ್ತಿದ್ದಳು, ಹರಿದ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುತ್ತಿದ್ದಳು, ಹಾರ್ಲಿಕ್ಸ್ ಬಾಟ್ಲಿ ಸಿಕ್ಕಿದರೆ ಅದರಲ್ಲಿ ಮೂರು ತಲೆಮಾರು ಉಪ್ಪಿನಕಾಯಿ ಇಡುತ್ತಿದ್ದಳು. ಪರಿಸರದ ಕಾಳಜಿಯಿಂದ ಅಲ್ಲ. ಬಿಸಾಕಬೇಕಾದರೆ ಮೊದಲು ಕೊಳ್ಳಬೇಕು, ಕೊಳ್ಳಲು ಅವಳ ಸೆರಗಿನ ಗಂಟಿನಲ್ಲಿ ಏನೂ ಇರಲಿಲ್ಲ. ಇವತ್ತು ಅಜ್ಜಿಯ ಕೈಗೆ ಫೋನ್ ಕೊಟ್ಟಿದ್ದರೆ ಅವಳೂ ಹತ್ತು ನಿಮಿಷದಲ್ಲಿ ಒಂದು ಕಟ್ಟು ಕೊತ್ತಂಬರಿ ತರಿಸುತ್ತಿದ್ದಳು. ಕೊತ್ತಂಬರಿಗೊಂದು ಪ್ಲಾಸ್ಟಿಕ್ಕು, ಅದಕ್ಕೊಂದು ಕಾಗದದ ಚೀಲ, ಅದರ ಬಾಯಿಗೊಂದು ಸ್ಟಿಕರು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ 2016ರ ಮಾರ್ಚಿನಲ್ಲೇ ನಿಷೇಧವಾಗಿದೆ. ಸೊಪ್ಪಿನವಳು ಆ ಸಂಗತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸೊಪ್ಪು ತುರುಕುತ್ತಲೇ ನನಗೆ ಹೇಳಿದಳು. ಬಟ್ಟೆ ಚೀಲ ಒಯ್ದರೆ ಅವಳು ಒಂದು ಹಿಡಿ ಕರಿಬೇವು ಜಾಸ್ತಿ ಹಾಕುತ್ತಾಳೆ. ಯಾವ ಸರ್ಕಾರದ ಆದೇಶವೂ ನನ್ನ ಮೇಲೆ ಆ ಕರಿಬೇವಿನಷ್ಟು ಪರಿಣಾಮ ಬೀರಿಲ್ಲ.

ಇಷ್ಟೆಲ್ಲ ಪೀಠಿಕೆ ಒಂದು ಗೋಡೆಯ ಸಲುವಾಗಿ.

ಮಗ ಇರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿಗೆ ಹೋಗಿ ಬಂದಾಗಿನಿಂದ ಯಜಮಾನರಿಗೆ ಅಡುಗೆಮನೆಗೂ ಹಾಲಿಗೂ ನಡುವೆ ಇರುವ ಗೋಡೆ ಕಣ್ಣಿಗೆ ಚುಚ್ಚತೊಡಗಿತು. ಓಪನ್ ಕಿಚನ್ ಆಗಬೇಕು, ಬೆಳಕು ಬರುತ್ತದೆ, ಮನೆ ದೊಡ್ಡದಾಗಿ ಕಾಣುತ್ತದೆ, ನೀನೂ ಒಬ್ಬಳೇ ಇರಬೇಕಾಗಿಲ್ಲ ಎಂದರು. ಅಡುಗೆಮನೆಯಲ್ಲಿ ಒಬ್ಬಳೇ ಇರುವುದು ನನ್ನ ದಿನದ ಅತ್ಯಂತ ಸುಖದ ಭಾಗ ಎಂದು ಹೇಗೆ ಹೇಳುವುದು? ಬದನೆಕಾಯಿ ಹೆಚ್ಚುತ್ತ ರೇಡಿಯೋ ಕೇಳಬಹುದು, ಗೊಣಗಬಹುದು, ಉಳಿದ ಚಿರೋಟಿಯನ್ನು ನಿಂತಲ್ಲೇ ಮುಗಿಸಬಹುದು. ನ್ಯೂಜೆರ್ಸಿಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಯಾರು ಬೇಕಾದರೂ ನೋಡಲಿ. ಒಣಮೆಣಸಿನಕಾಯಿ ಒಗ್ಗರಣೆಗೆ ಗೋಡೆ ಬೇಕು. ನಾನು ಇದನ್ನೆಲ್ಲ ಬಾಯಿ ಬಿಟ್ಟು ಹೇಳಲಿಲ್ಲ, ಘಾಟಿನ ವಿಷಯ ಮಾತ್ರ ಎತ್ತಿದೆ. "ಚಿಮಣಿ ಹಾಕ್ಸೋಣ" ಎಂದರು.

ಮೇಸ್ತ್ರಿ ಬಂದ. ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. "ಒಡ್ದಾಕ್ಬಿಡೋಣ ಸಾರ್, ಎರಡು ದಿವ್ಸದ ಕೆಲ್ಸ" ಎಂದ. ಒಡೆದದ್ದು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. "ಡೆಬ್ರಿಸಾ? ಅದ್ನ ಟ್ರಾಕ್ಟರ್‌ನೋನು ತಗೊಂಡೋಯ್ತಾನಮ್ಮ." ಎಲ್ಲಿಗೆ? ಮೇಸ್ತ್ರಿ ಸುಮ್ಮನೆ ಕೈಯನ್ನು ಗಾಳಿಯಲ್ಲಿ ದಕ್ಷಿಣ ದಿಕ್ಕಿಗೆ ಬೀಸಿದ. ದಕ್ಷಿಣಕ್ಕೆ ರಾಜಕಾಲುವೆ ಇದೆ.

ಅದೇ ವಾರ ಸಂಘದ ಸಭೆ. ವಿಷಯ, ಮಾಮೂಲಿನಂತೆ, ಹಸಿ ಕಸ. ಅಧ್ಯಕ್ಷರು ನಮ್ಮ ಮನೆಯ ಕಾಂಪೋಸ್ಟಿನ ಉದಾಹರಣೆ ಕೊಟ್ಟು, ದಿನಕ್ಕೆ ಒಂದು ಕಿಲೋ ಹಸಿ ಕಸವನ್ನು ನಾವು ಗೇಟು ದಾಟಲು ಬಿಡುವುದಿಲ್ಲ ಎಂದರು. ಚಪ್ಪಾಳೆ ಬಿತ್ತು. ಆಗ ಎದುರುಮನೆಯ ನಿವೃತ್ತ ಎಂಜಿನಿಯರು ಎದ್ದರು. ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಎದುರಿಗೆ ಏನೇ ಕಂಡರೂ ಅದರ ತೂಕ ಎಷ್ಟಿರಬಹುದೆಂದು ಯೋಚಿಸುವುದು ಅವರ ಅಭ್ಯಾಸ. "ರಾಯರೇ, ನಿಮ್ಮ ಅಡುಗೆಮನೆ ಗೋಡೆ ಎಷ್ಟುದ್ದ?" ಎಂದು ಕೇಳಿದರು. ಬೀದಿಯಲ್ಲಿ ಮೇಸ್ತ್ರಿ ಯಾರ ಮನೆಗೆ ಹೋದ ಎಂಬುದು ಗುಟ್ಟಾಗಿ ಉಳಿಯುವ ಸಂಗತಿಯಲ್ಲ.

ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತಿಂಚು ದಪ್ಪ. ಅವರು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಮಾಡಿದರು. 75 ಘನ ಅಡಿ ಎಂದರೆ ಎರಡು ಘನ ಮೀಟರಿಗಿಂತ ತುಸು ಜಾಸ್ತಿ. ಇಟ್ಟಿಗೆ ಗೋಡೆ ಘನ ಮೀಟರಿಗೆ ಸುಮಾರು 1,900 ಕಿಲೋ ತೂಗುತ್ತದೆ. ಒಟ್ಟು ನಾಲ್ಕು ಟನ್. "ದಿನಕ್ಕೊಂದು ಕಿಲೋ ಅಂದ್ರಲ್ಲ. ನಾಲ್ಕು ಸಾವಿರ ದಿನ. ಹತ್ತಿರ ಹತ್ತಿರ ಹನ್ನೊಂದು ವರ್ಷದ ಕಸ. ಎರಡು ದಿನದಲ್ಲಿ ಗೇಟು ದಾಟುತ್ತೆ."

ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ ಎಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡಿದರು. ಕಳೆದ ವರ್ಷ ನೆಲದ ಮೊಸಾಯಿಕ್ ಕಿತ್ತು ಕನ್ನಡಿಯಂಥ ಟೈಲ್ಸ್ ಹಾಕಿಸಿದವರು, ಎರಡು ಬಚ್ಚಲು ಒಡೆಸಿದವರು, ಮಂಗಳೂರು ಹೆಂಚಿನ ಹಳೆ ಮನೆಯನ್ನು ಜೆಸಿಬಿ ತರಿಸಿ ಒಂದೇ ಬೆಳಿಗ್ಗೆ ನೆಲಸಮ ಮಾಡಿ ನಾಲ್ಕು ಮಹಡಿ ಎಬ್ಬಿಸಿದವರು, ಎಲ್ಲರೂ ಅಲ್ಲೇ ಇದ್ದರು. ಎಲ್ಲರ ಮನೆಯಲ್ಲೂ ಹಸಿರು ಡಬ್ಬ ಕೆಂಪು ಡಬ್ಬ ಶುದ್ಧವಾಗಿದ್ದವು. ಯಜಮಾನರು ಧೈರ್ಯ ತಂದುಕೊಂಡು, "ಇಟ್ಟಿಗೆ ಕೊಳೆಯೋದಿಲ್ವಲ್ಲ ಸ್ವಾಮಿ" ಎಂದರು. ಎಂಜಿನಿಯರು, "ಅದೇ ತೊಂದರೆ. ಬಾಳೆಸಿಪ್ಪೆ ರಾಜಕಾಲುವೆಗೆ ಬಿದ್ದರೆ ತಿಂಗಳಲ್ಲಿ ಇರೋದಿಲ್ಲ. ನಿಮ್ಮ ಗೋಡೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತೆ" ಎಂದರು.

ಆ ಮಾತು ನನ್ನನ್ನು ಕಾಡಿತು. ಇಟ್ಟಿಗೆ ಎಂದರೆ ಯಾವುದೋ ಕೆರೆಯಂಗಳದ, ಹೊಲದ ಮೇಲ್ಮಣ್ಣು. ಅದನ್ನು ಸುಡಲು ಸೌದೆ. ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು 1,450 ಡಿಗ್ರಿ ಕಾಯಿಸುತ್ತಾರೆ. ಹೊಳೆಯ ಮರಳು ಮುಗಿದ ಮೇಲೆ ಬಂದ ಎಂ-ಸ್ಯಾಂಡ್ ಎಂದರೆ ಬೆಟ್ಟವನ್ನು ಸಿಡಿಸಿ ಮಾಡಿದ ಪುಡಿ. ಇಷ್ಟನ್ನು ಒಟ್ಟುಗೂಡಿಸಿ ಕಟ್ಟಿ, ಬೆಳಕು ಸಾಲದೆಂದು ಒಡೆಯುತ್ತೇವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಒಡೆದು ನೋಡು ಎನ್ನಲಿಲ್ಲ. ಇನ್ನೂ ಸಾಲ ತೀರದ ಮನೆಯನ್ನು ಯಾರಾದರೂ ಒಡೆಯುತ್ತಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಟ್ರಾಕ್ಟರುಗಳ ಬಗ್ಗೆ ಒಂದು ಮಾತು. ನಮ್ಮ ಊರಿನ ಟ್ರಾಕ್ಟರು ಉಳುವುದನ್ನು ಮರೆತು ಬಹಳ ವರ್ಷವಾಯಿತು. ಹಗಲು ನೀರಿನ ಟ್ಯಾಂಕರು ಎಳೆಯುತ್ತದೆ, ರಾತ್ರಿ ಡೆಬ್ರಿಸ್ ಎಳೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ದೊಡ್ಡ ಮಳೆ ಬಂದು ಕಾಲುವೆಗಳೆಲ್ಲ ಉಕ್ಕಿ ಪೂರ್ವದ ಐಟಿ ಬಡಾವಣೆಗಳು ಮುಳುಗಿದಾಗ ಸಾಫ್ಟ್‌ವೇರ್ ಎಂಜಿನಿಯರುಗಳು ಲ್ಯಾಪ್‌ಟಾಪ್ ಅಪ್ಪಿಕೊಂಡು ಟ್ರಾಕ್ಟರಿನಲ್ಲಿ ನಿಂತು ಆಫೀಸಿಗೆ ಹೋದದ್ದನ್ನು ದೇಶವೇ ನೋಡಿತು. ಕಾಲುವೆ ಕಿರಿದಾಗಲು ಒತ್ತುವರಿ ಮೊದಲಾಗಿ ನೂರು ಕಾರಣ ಇರಬಹುದು, ಸುರಿದ ಮಣ್ಣುಕಲ್ಲೂ ಅದರಲ್ಲೊಂದು. ಇಟ್ಟಿಗೆಯನ್ನು ಕಾಲುವೆಗೆ ಒಯ್ದ ವಾಹನವೇ ಕಾಲುವೆಯಿಂದ ಜನರನ್ನು ದಾಟಿಸಿತು. ಬಾಡಿಗೆ ಎರಡೂ ಕಡೆ.

ಕಾನೂನು ಇಲ್ಲವೆಂದಲ್ಲ. 2016ರಲ್ಲೇ ಕೇಂದ್ರ ಸರ್ಕಾರ ಕಟ್ಟಡ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮ ಮಾಡಿತು. ಒಡೆದ ಮಾಲನ್ನು ರಸ್ತೆಗೆ, ಚರಂಡಿಗೆ ಹಾಕಬಾರದು, ಬೇರೆಯಾಗಿ ಇಡಬೇಕು ಎಂಬುದು ಎಲ್ಲರಿಗೂ ಅನ್ವಯವಾಗುತ್ತಿತ್ತು. ದಿನಕ್ಕೆ 20 ಟನ್ ಇಲ್ಲವೇ ಒಂದು ಕಾಮಗಾರಿಯಲ್ಲಿ ತಿಂಗಳಿಗೆ 300 ಟನ್ ಒಡೆಯುವವರು ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್ಕು, ಇಟ್ಟಿಗೆ-ಗಾರೆ ಎಂದು ನಾಲ್ಕು ಭಾಗ ಮಾಡಿ, ಯೋಜನೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕಿತ್ತು. ಅಂದರೆ ನಮ್ಮ ಯಜಮಾನರು ಒಂದೇ ದಿನಕ್ಕೆ ಐದು ಗೋಡೆ ಒಡೆದಿದ್ದರೆ ಆ ಪಟ್ಟಿಗೆ ಸೇರುತ್ತಿದ್ದರು, ಅಷ್ಟು ಗೋಡೆ ನಮ್ಮ ಮನೆಯಲ್ಲಿಲ್ಲ. ಅದರ ಜಾಗಕ್ಕೆ ಬಂದ 2025ರ ಹೊಸ ನಿಯಮಗಳ ಕಣ್ಣು ಇರುವುದು 20,000 ಚದರ ಮೀಟರು ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳ ಮೇಲೆ. ಮೂವತ್ತು-ನಲವತ್ತರ ಸೈಟು ಎಂದರೆ 111 ಚದರ ಮೀಟರು. ಇರುವೆ ಆನೆಯ ಪಾಸ್‌ಪೋರ್ಟ್ ಕಚೇರಿಗೆ ಹೋದ ಹಾಗೆ. ಆದರೆ ಈ ಊರಿನ ತುಂಬ ಇರುವುದು ಇರುವೆಗಳೇ.

ಒಡೆದದ್ದನ್ನು ಪುಡಿ ಮಾಡಿ ಮತ್ತೆ ಜಲ್ಲಿ, ಮರಳು ಮಾಡುವ ಘಟಕವೊಂದು ಚಿಕ್ಕಜಾಲದ ಬಳಿ ಇದೆ ಎಂದು ಎಂಜಿನಿಯರು ಹೇಳಿದರು. ಅದರಲ್ಲಿ ಕಾಂಕ್ರೀಟು ಒಡೆದು ಮಾಡಿದ ಜಲ್ಲಿಯನ್ನು ಬಳಸಲು ಭಾರತೀಯ ಮಾನಕ ಬ್ಯೂರೋದ ಐಎಸ್ 383 ಕೂಡ 2016ರಲ್ಲಿ ಒಪ್ಪಿಗೆ ಕೊಟ್ಟಿದೆಯಂತೆ: ಕಬ್ಬಿಣ ಹಾಕದ ಕಾಂಕ್ರೀಟಿನಲ್ಲಿ ಕಾಲು ಭಾಗ, ಕಬ್ಬಿಣ ಹಾಕಿದ ಸಾಧಾರಣ ಕಾಂಕ್ರೀಟಿನಲ್ಲಿ ಐದನೇ ಒಂದು ಭಾಗ, ತಳಕ್ಕೆ ಸುರಿಯುವ ಬಡ ಕಾಂಕ್ರೀಟಿನಲ್ಲಿ ಪೂರ್ತಿ. ಎಲ್ಲ ಸರಿ. ಚಿಕ್ಕಜಾಲ ಇರುವುದು ವಿಮಾನ ನಿಲ್ದಾಣದ ದಾರಿಯಲ್ಲಿ, ನಾವಿರುವುದು ಊರಿನ ಇನ್ನೊಂದು ತುದಿಯಲ್ಲಿ. ಟ್ರಾಕ್ಟರಿನವನು ಡೀಸೆಲ್ ಸುಟ್ಟು ಅಲ್ಲಿವರೆಗೆ ಹೋಗುತ್ತಾನೋ, ಪಕ್ಕದ ಕಾಲುವೆಗೆ ಹೋಗುತ್ತಾನೋ ಎಂದು ಊಹಿಸಲು ಲೋಕೋಪಯೋಗಿ ಇಲಾಖೆಯ ಅನುಭವ ಬೇಕಾಗಿಲ್ಲ. ಪ್ರತಿ ವಾರ್ಡಿನಲ್ಲೂ ಒಂದೊಂದು ಚೀಲ ಎರಡೆರಡು ಚೀಲ ತಂದು ಹಾಕುವ ಜಾಗ ಇದ್ದಿದ್ದರೆ ನಮ್ಮ ಖಾಲಿ ಸೈಟಿನ ಕಮೋಡು ಗೌರವದಿಂದ ಅಲ್ಲಿಗೆ ಹೋಗುತ್ತಿತ್ತು.

ಹಾಗಾದರೆ ಒಡೆಯುವ ಮೊದಲು ಏನು ಮಾಡಬಹುದು ಎಂದು ನಾನು ಮೇಸ್ತ್ರಿಯನ್ನೇ ಕೇಳಿದೆ. ನಮ್ಮ ಮನೆ ಕಟ್ಟಿದ್ದು ಅವನ ಅಪ್ಪ. ಮೊದಲು ಅನುಮಾನದಿಂದ ನೋಡಿದ, ಇಂಥ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಕಾಫಿ ಲೋಟ ಕೆಳಗಿಟ್ಟು ಶುರುಮಾಡಿದ. ರೂಮಿನ ಅಳತೆಯನ್ನು ಟೈಲ್ಸಿನ ಅಳತೆಗೆ ಹೊಂದಿಸಿದರೆ ಕತ್ತರಿಸಿ ಬಿಸಾಕುವುದೇ ಕಡಿಮೆ, ಆದರೆ ಓನರುಗಳು ರೂಮು ಕಟ್ಟಿದ ಮೇಲೆ ಟೈಲ್ಸ್ ಆರಿಸುತ್ತಾರೆ. ಗೋಡೆ ಎದ್ದು ಪ್ಲಾಸ್ಟರ್ ಒಣಗಿದ ಮೇಲೆ ಸ್ವಿಚ್ಚು ಎಲ್ಲಿರಬೇಕೆಂದು ಯೋಚಿಸುತ್ತಾರೆ, ಆಗ ಗೋಡೆ ಕೊರೆಯಬೇಕು. ಸಿಮೆಂಟು ಅಗ್ಗಕ್ಕೆ ಸಿಕ್ಕಿತೆಂದು ಮಳೆಗಾಲದಲ್ಲಿ ರಾಶಿ ಹಾಕುತ್ತಾರೆ, ಮೂಟೆ ಮೂಟೆಯೇ ಕಲ್ಲಾಗುತ್ತದೆ. ಅವನ ಅಪ್ಪನ ಕಾಲದಲ್ಲಿ ಇಟ್ಟಿಗೆ ಚೂರನ್ನು ಸುಣ್ಣದ ಜೊತೆ ಕುಟ್ಟಿ ತಾರಸಿಗೆ ಹಾಸುತ್ತಿದ್ದರು. ಒಡೆದ ಬಿಳಿ ಟೈಲ್ಸಿನ ಚೂರು ಜೋಡಿಸಿದರೆ ತಾರಸಿ ಬೇಸಿಗೆಯಲ್ಲಿ ತಣ್ಣಗಿರುತ್ತದೆ. ಹಳೆ ಟೈಲ್ಸ್ ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೇ ಹೊಸದನ್ನು ಅಂಟಿಸಬಹುದು, ಕೀಳಲೇಬೇಕೆಂದಿಲ್ಲ. "ನಮ್ಗೆ ಗೊತ್ತಿಲ್ದೇ ಏನಲ್ಲಮ್ಮ. ಆದ್ರೆ ಹಳೇದು ಅಂದ್ರೆ ಓನರ್‌ಗೆ ಅವಮಾನ."

ಎಂಜಿನಿಯರು ಇನ್ನೊಂದು ಸೇರಿಸಿದರು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಅಚ್ಚಿನಲ್ಲಿ ಒತ್ತಿ, ಸುಡದೇ ಗಟ್ಟಿ ಇಟ್ಟಿಗೆ ಮಾಡುವುದನ್ನು ರೂಢಿಗೆ ತಂದರು. ಪಾಯ ತೆಗೆದ ಮಣ್ಣೇ ಗೋಡೆಯಾಗುತ್ತದೆ. ಲಾರಿಯಲ್ಲಿ ಹೊರಗೆ ಹೋಗುವ ಮಣ್ಣೂ ಇಲ್ಲ, ಲಾರಿಯಲ್ಲಿ ಒಳಗೆ ಬರುವ ಇಟ್ಟಿಗೆಯೂ ಕಡಿಮೆ. ಬೆಂಗಳೂರಿನಲ್ಲಿ ಹಾಗೆ ಕಟ್ಟಿದ ಮನೆಗಳು ಎಷ್ಟೋ ಇವೆ. ಮೇಸ್ತ್ರಿ ಇದನ್ನು ಕೇಳಿ, "ಪೇಂಟ್ ಹೊಡೀದಂಗೆ ಬಿಡ್ತಾರಲ್ಲ, ಅವಾ?" ಎಂದ. ಅವೇ.

ಸಂಘದಲ್ಲಿ ಕಡೆಗೆ ಒಂದು ಪಟ್ಟಿ ಶುರುವಾಯಿತು. ಯಾರ ಮನೆಯಲ್ಲಿ ಏನು ಒಡೆಯುತ್ತಾರೆ, ಏನು ಉಳಿದಿದೆ ಎಂದು ಮೊದಲೇ ಬರೆದು ಹಾಕುವುದು. ನೂರು ಇಟ್ಟಿಗೆ, ಅರ್ಧ ಲೋಡು ಜಲ್ಲಿ, ಕಡಪಾ ಕಲ್ಲು, ಹೊನ್ನೆ ಮರದ ಬಾಗಿಲು. ಒಬ್ಬರ ಡೆಬ್ರಿಸ್ ಇನ್ನೊಬ್ಬರ ಪಾಯಕ್ಕೆ ಭರ್ತಿ. ಟ್ರಾಕ್ಟರಿನವನಿಗೆ ಮಾತ್ರ ಇದು ಇಷ್ಟವಾಗಲಿಲ್ಲ. ಖಾಲಿ ಸೈಟಿಗೆ ಬೇಲಿ ಹಾಕಬೇಕೆಂದು ಅಮೆರಿಕಕ್ಕೆ ಪತ್ರ ಹೋಯಿತು. ಅಲ್ಲಿಂದ ಹೆಬ್ಬೆರಳಿನ ಚಿತ್ರವೊಂದು ಉತ್ತರವಾಗಿ ಬಂದಿದೆ, ದುಡ್ಡು ಬಂದಿಲ್ಲ.

ಗೋಡೆಯ ವಿಷಯದಲ್ಲಿ ಯಜಮಾನರು ಅಧ್ಯಕ್ಷರಾಗಿ ಹಿಂದೆ ಸರಿದರು, ಗೃಹಸ್ಥರಾಗಿ ಪೂರ್ತಿ ಸರಿಯಲಿಲ್ಲ. ಅಷ್ಟು ದಪ್ಪದ ಗೋಡೆ ತೆಗೆದರೆ ಮೇಲೆ ಬೀಮ್ ಕೊಡಬೇಕಾಗುತ್ತದೆ ಎಂದು ಎಂಜಿನಿಯರು ಹೆದರಿಸಿದ ಮೇಲೆ ಒಂದು ಕಿಟಕಿಗೆ ಒಪ್ಪಂದವಾಯಿತು. ಮೂರಡಿ ಅಗಲ, ನಾಲ್ಕಡಿ ಎತ್ತರ. ಅಷ್ಟಕ್ಕೇ ಅರ್ಧ ಟನ್ನಿನ ಹತ್ತಿರ, ನನ್ನ ಲೆಕ್ಕದಲ್ಲಿ ಒಂದು ವರ್ಷ ಚಿಲ್ಲರೆ. ಒಡೆಯದೆ ಬಂದ ಇಟ್ಟಿಗೆಗಳು ಹಿತ್ತಲಿನ ಕರಿಬೇವಿನ ಗಿಡಕ್ಕೆ ಕಟ್ಟೆಯಾದವು, ಚೂರುಗಳು ಮೂರನೇ ಕ್ರಾಸಿನ ಹೊಸ ಮನೆಯ ಪಾಯಕ್ಕೆ ಹೋದವು. ಕಿಟಕಿಯ ತಲೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹಳೆ ಚಪ್ಪಡಿ ಕಲ್ಲು ಸರಿಹೋಯಿತು. ಪಟ್ಟಿಯಲ್ಲಿ ಒಂದು ತೇಗದ ಕಿಟಕಿ ಸಿಕ್ಕಿತು, ಆ ಹೆಂಚಿನ ಮನೆಯದು, ಜೆಸಿಬಿ ಬರುವ ಹಿಂದಿನ ದಿನ ಯಾರೋ ಪುಣ್ಯಾತ್ಮರು ಕಳಚಿ ಇಟ್ಟಿದ್ದರು.

ಕಿಟಕಿ ಬಿಟ್ಟಿ. ಕೂರಿಸಲು ಮೇಸ್ತ್ರಿ ಹೇಳಿದ ಕೂಲಿ ಹೊಸ ಕಿಟಕಿಗಿಂತ ಜಾಸ್ತಿ.

"ಹಳೇದು ಬಿಟ್ಟಿ ಬಂದಿದೆಯಲ್ಲಪ್ಪ, ಅದಕ್ಕೆ ಇಷ್ಟಾ?" ಎಂದರು ಯಜಮಾನರು.

"ಹಳೇದಕ್ಕೇ ಕೆಲ್ಸ ಜಾಸ್ತಿ ಸಾರ್. ಮೊಳೆ ಕೀಳ್ಬೇಕು, ಪೇಂಟ್ ಕೆರೀಬೇಕು, ಅಳತೆಗೆ ಗೋಡೆ ಹೊಂದಿಸ್ಬೇಕು. ಹೊಸದಾದ್ರೆ ಒಂದ್ ಗಂಟೆ. ಬೇಡಾಂದ್ರೆ ಬಿಡಿ, ಅಲ್ಯೂಮಿನಿಯಂದು ತಂದಾಕ್ತೀನಿ."

ವಸ್ತು ಅಗ್ಗ, ಕೈ ತುಟ್ಟಿ. ಇದೇ ಕಾರಣಕ್ಕೆ ಊರಿನ ಒಳ್ಳೆ ಬಾಗಿಲು ಕಿಟಕಿಗಳೆಲ್ಲ ಸೌದೆಯಾಗುತ್ತಿರುವುದು. ಮೇಸ್ತ್ರಿ ಕೇಳಿದ್ದು ಅನ್ಯಾಯವೆಂದು ನನಗನ್ನಿಸಲಿಲ್ಲ. ಯಜಮಾನರು ಸ್ವಲ್ಪ ಚೌಕಾಸಿ ಮಾಡಿದರು, ಸ್ವಲ್ಪ ಇಳಿಯಿತು, ಉಳಿದದ್ದನ್ನು ನನ್ನ ಕೂಡಿಟ್ಟ ಹಣದಿಂದ ಕೊಡುತ್ತೇನೆಂದೆ. ಅವರಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಚಿಲಕವನ್ನು ಅಡುಗೆಮನೆಯ ಕಡೆಯಿಂದ ಹಾಕಬೇಕೆಂದು ನಾನು ಮೇಸ್ತ್ರಿಗೆ ಮೊದಲೇ ಹೇಳಿದ್ದು ಅವರ ಗಮನಕ್ಕೆ ಬಂದದ್ದು ಅವನು ದುಡ್ಡು ಎಣಿಸಿಕೊಂಡು ಹೋದ ಮೇಲೆ.